ಬೆಸುಗೆಗೆ ಮುನ್ನ

ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಚಿನ ಚಿತ್ತಾರವು ಮೊದಲು ಮೂಡುವುದು ಮಗ್ಗದ ಮೇಲಲ್ಲ, ಚೌಕಳಿ ಕಾಗದದ ಮೇಲೆ. ಅಲ್ಲಿ ತಪ್ಪಿದರೆ ಅಳಿಸಬಹುದು. ರಟ್ಟಿಗೆ ತೂತು ಬಿದ್ದು ಜಕಾರ್ಡಿಗೆ ಏರಿದ ಮೇಲೆ ತಿದ್ದುವುದು ದುಬಾರಿಯ ಮಾತು. ವಿದ್ಯುನ್ಮಾನ ಉಪಕರಣಗಳನ್ನು ಹವ್ಯಾಸಕ್ಕಾಗಿ ಕಟ್ಟುವ ಇಂದಿನ ಮಕ್ಕಳಿಗೂ ಅಂಥದೊಂದು ಚೌಕಳಿ ಕಾಗದವುಂಟು. ಅದರ ಹೆಸರು ಬ್ರೆಡ್‌ಬೋರ್ಡ್.

ಹೆಸರು ಕೇಳಿ ನಗುವ ಹಿರಿಯರಿದ್ದಾರೆ. ಹಿಂದೆ ಪಾಶ್ಚಾತ್ಯ ರೇಡಿಯೋ ಹವ್ಯಾಸಿಗಳು ಬ್ರೆಡ್ ಕೊಯ್ಯುವ ಹಲಗೆಗೇ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದರು. ಹಲಗೆ ಹೋಯಿತು, ಹೆಸರುಳಿಯಿತು. ಇಂದಿನ ಪ್ಲಾಸ್ಟಿಕ್ ಹಲಗೆ 1970ರ ದಶಕದ ಕೂಸು. ದೊಡ್ಡದರಲ್ಲಿ ಸಾಮಾನ್ಯವಾಗಿ 830 ತೂತುಗಳು. ಒಳಗೆ ಐದೈದು ತೂತುಗಳನ್ನು ಒಂದೊಂದು ಲೋಹದ ಪಟ್ಟಿ ಕೂಡಿಸುತ್ತದೆ. ಬಿಡಿಭಾಗದ ಕಾಲು ಚುಚ್ಚಿದರೆ ಸಂಪರ್ಕ, ಕಿತ್ತರೆ ಬಿಡುಗಡೆ. ಇದರ ಜೊತೆಗಾರ, 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುಯಿನೋ ಎಂಬ ಪುಟ್ಟ ಗಣಕ ಫಲಕ. ರಚನೆಯನ್ನು ಬಚ್ಚಿಡದೆ ಪ್ರಕಟಿಸಿದ್ದರಿಂದ ಅದರ ಅಗ್ಗದ ಪ್ರತಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ. ನೀತಿ ಆಯೋಗದ ಅಟಲ್ ಯೋಜನೆಯಲ್ಲಿ 2016ರಿಂದ ಆಯ್ದ ಶಾಲೆಗಳಿಗೂ ಇವು ಬಂದಿವೆ. ಬೀರುವಿನಲ್ಲಿ ಬೀಗದೊಳಗೆ ಮಲಗಿದ್ದರೆ ಪೋಷಕರೇ ಕೇಳಿ ತೆಗೆಸಬೇಕು.

ಇದೆಲ್ಲ ಬರಿಯ ಆಟಿಕೆಯಲ್ಲವೇ? ಆಟಿಕೆಯಾಗಿಯೇ ಉಳಿಯಬೇಕಿಲ್ಲ. ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಯ ಹುಳುಮನೆಗಳನ್ನು ನೆನೆಯೋಣ. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖ, ಶೇ. 85–90 ತೇವ ಬೇಕು. ಬೆಳೆದ ಹುಳುವಿಗೆ 24–25 ಡಿಗ್ರಿ, ಶೇ. 70ರ ಆಸುಪಾಸು. ಶಾಖವೇರಿದರೆ ಸಪ್ಪೆ ರೋಗದ ಭಯ. ಶಾಖವಿಳಿದು ತೇವವೇರಿದರೆ ಸುಣ್ಣಕಟ್ಟು. ತಿಂಗಳ ದುಡಿಮೆ ತಟ್ಟೆಯಲ್ಲಿಯೇ ಹಾಳಾಗುತ್ತದೆ. ಅಪರಾತ್ರಿಯಲ್ಲಿ ಎದ್ದು ಉಷ್ಣಮಾಪಕ ನೋಡುವ ತಾಯಂದಿರನ್ನು ನಾವು ಬಲ್ಲೆವು. ಮಿತಿ ಮೀರಿದೊಡನೆ ಕೂಗುವ ಗಂಟೆಯೊಂದನ್ನು ಪ್ರೌಢಶಾಲೆಯ ಹುಡುಗನೋ ಹುಡುಗಿಯೋ ಎರಡು ಸಂಜೆಗಳಲ್ಲಿ ಈ ಹಲಗೆಯ ಮೇಲೆ ಜೋಡಿಸಬಹುದು. ಸಂವೇದಕ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಅಗ್ಗದ ಡಿಎಚ್‌ಟಿ-11 ಎರಡು ಡಿಗ್ರಿ ಅತ್ತಿತ್ತ ಹೇಳಬಹುದು. ಎರಡು ಡಿಗ್ರಿಯಲ್ಲಿಯೇ ಅಳಿವು ಉಳಿವು ಅಡಗಿರುವ ಹುಳುಮನೆಗೆ ಅದು ಸಲ್ಲದು. ಡಿಎಚ್‌ಟಿ-22 ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಲೆ ಹೆಚ್ಚಾದರೂ ನಮ್ಮ ಮಟ್ಟಿಗೆ ಅದೇ ಸರಿ. ಹಳೆಯ ಉಷ್ಣಮಾಪಕವನ್ನು ಗೋಡೆಯಿಂದ ಇಳಿಸದೆ ಒಂದು ಬೆಳೆ ಪೂರ್ತಿ ಎರಡನ್ನೂ ತಾಳೆ ನೋಡಬೇಕು.

ಇಲ್ಲಿಯವರೆಗೆ ಐದು ವೋಲ್ಟಿನ ಮಾತು. "ಅಪ್ಪಾ, ಹೀಟರನ್ನೂ ಇದೇ ನಡೆಸಲಿ" ಎಂದು ಮಗು ಹೇಳಿದಾಗ ತಂದೆ ಎದ್ದು ನಿಲ್ಲಬೇಕು. ಆ ಪಟ್ಟಿಗಳು ಸುಮಾರು ಒಂದು ಆಂಪಿಯರಿನಷ್ಟನ್ನು ಮಾತ್ರ ತಾಳುತ್ತವೆ; 2000 ವಾಟಿನ ಹೀಟರು ಒಂಬತ್ತರ ಹತ್ತಿರ ಎಳೆಯುತ್ತದೆ. ಪಟ್ಟಿ ಕಾದು ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೂ ಮೊದಲು, ಒದ್ದೆ ನೆಲದ ಮೇಲೆ ನಿಂತ ಮಗುವಿನ ಬೆರಳು 230 ವೋಲ್ಟಿನ ತೆರೆದ ತಂತಿಗೆ ತಗಲಬಹುದು. ಹಿಡಿದ ಕೈ ಬಿಡಿಸಿಕೊಳ್ಳಲಾಗದಂತೆ ಸೆಟೆದುಕೊಳ್ಳುವುದೇ ಈ ವಿದ್ಯುತ್ತಿನ ಕ್ರೌರ್ಯ. ಹೀಟರಿನ ಕೆಲಸ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನದು, ಮಕ್ಕಳದಲ್ಲ.

ಗಂಟೆಯು ಒಂದೆರಡು ಬೆಳೆಗಳಲ್ಲಿ ಸರಿಯಾಗಿ ಕೂಗಿತೆಂದರೆ ಬೆಸುಗೆಯ ಕಾಲ ಬಂದಂತೆ. ತೇವದ ಕೋಣೆಯಲ್ಲಿ ಚುಚ್ಚಿದ ಸಂಪರ್ಕಗಳು ಬಹುಕಾಲ ನಿಲ್ಲವು. ಬೆಸುಗೆಯನ್ನು ಹುಳುಮನೆಯಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು ಮಾಡಬೇಕು. ಆ ಹೊಗೆ ಮಕ್ಕಳಿಗೂ ಆಗದು, ಹುಳುವಿಗೂ ಆಗದು. ಸೀಸವಿರುವ ಬೆಸುಗೆ ತಂತಿ ಹಿಡಿದ ಕೈಯನ್ನು ಸೋಪಿನಿಂದ ತೊಳೆಯದೆ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟಬಾರದು.