ತಾಲೂಕು ಬಂತು, ಮೆಂಬರ್ ಬರಲಿಲ್ಲ

ಕಮಲನಗರ ತಾಲೂಕಾಯಿತು. ಬೋರ್ಡು ಬಂತು, ತಹಶೀಲ್ದಾರರು ಬಂದರು. ತನ್ನದೇ ತಾಲೂಕು ಪಂಚಾಯ್ತಿಗೆ ಓಟು ಹಾಕುವ ದಿನ ಮಾತ್ರ 2024 ಮುಗಿದರೂ ಬರಲಿಲ್ಲ.

ಹಿಂದಿನ ಚುನಾವಣೆ ನಡೆದದ್ದು 2016ರಲ್ಲಿ. ಆಗ ಊರು ಔರಾದ ತಾಲೂಕಿನಲ್ಲಿತ್ತು. ಆ ಮೆಂಬರರ ಅವಧಿ 2021ಕ್ಕೆ ತೀರಿತು. ಐದು ವರ್ಷ ತುಂಬುವುದರೊಳಗೆ ಮತ್ತೆ ಚುನಾವಣೆ ಆಗಬೇಕೆಂಬುದು ಸಂವಿಧಾನದ ಕಟ್ಟಳೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಸರ್ಕಾರ ಕಾಯ್ದೆ ತಿದ್ದಿ ಆ ಅಧಿಕಾರವನ್ನೇ ಕಿತ್ತುಕೊಂಡು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಿತು. ಚುನಾವಣಾ ಆಯೋಗ ಹೈಕೋರ್ಟಿನ ಮೆಟ್ಟಿಲೇರಿತು.

ಕೆಲಸ ಮುಗಿಸದೆ ವಾಯ್ದೆ ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರಿನಲ್ಲಿ ಕೋರ್ಟು 5 ಲಕ್ಷ ರೂಪಾಯಿ ದಂಡ ಹಾಕಿತು. ಆಗ ಇದ್ದದ್ದು ಬಿಜೆಪಿ. 2023ರಲ್ಲಿ ಕಾಂಗ್ರೆಸ್ ಬಂತು. ಕುರ್ಚಿ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಜಗಳ ಬೆಂಗಳೂರಿನದು, ನಷ್ಟ ಊರಿನದು. ಶಾಲೆಯ ಮಾಳಿಗೆ ಸೋರಿದರೆ, ಬೋರ್‌ವೆಲ್ ಕೆಟ್ಟರೆ, ಮೆಂಬರನನ್ನು ಸಂತೆಯಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಅಧಿಕಾರಿಗೆ ಹಾಗೆ ಕೇಳೋರು ಯಾರು? ಅವರು ವರ್ಗವಾಗಿ ಹೋಗುತ್ತಾರೆ, ಓಟು ಕೇಳಲು ಮನೆಗೆ ಬರುವುದಿಲ್ಲ. ದಂಡದ ದುಡ್ಡೂ ಕಡೆಗೆ ಜನರದೇ!