ಮರೆತ ಪಾಸ್‌ವರ್ಡ್ ಮೊಬೈಲಿನಲ್ಲೇ ಇದೆ

ಮನೆಗೆ ವೈ-ಫೈ ಹಾಕಲು ಬಂದವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ನಾಲ್ಕು ದಿನದಲ್ಲಿ ಚೀಟಿ ಕಾಣೆ. ಮೊಬೈಲುಗಳು ತಾವಾಗಿಯೇ ಸಂಪರ್ಕ ಪಡೆಯುವುದರಿಂದ ಯಾರಿಗೂ ಅದರ ನೆನಪೇ ಆಗುವುದಿಲ್ಲ. ಮಗಳಿಗೆಂದು ಹೊಸ ಲ್ಯಾಪ್‌ಟಾಪ್ ಬಂತೆನ್ನಿ, ಆಗ ಹುಡುಕಾಟ ಶುರು. ಅದೂ ಪ್ರವೇಶ ಪರೀಕ್ಷೆಯ ಅರ್ಜಿಗೆ ಕೊನೆಯ ದಿನವಾದರೆ ಕೇಳುವುದೇ ಬೇಡ!

ಬೀರು ತಡಕಾಡುವ ಬದಲು ಕೈಯಲ್ಲಿರುವ ಮೊಬೈಲನ್ನೇ ಕೇಳಬಹುದು. 2019ರಲ್ಲಿ ಬಂದ ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯಾದರೆ, ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆಯಿರಿ. ಮನೆಯ ವೈ-ಫೈ ಹೆಸರಿನ ಪಕ್ಕದ ಹಲ್ಲುಚಕ್ರದ ಚಿತ್ರ ಒತ್ತಿ, ‘ಶೇರ್’ ಆರಿಸಿ. ಬೆರಳಚ್ಚನ್ನೋ ಪಿನ್ ಸಂಖ್ಯೆಯನ್ನೋ ಕೊಟ್ಟ ಮೇಲೆ ಕ್ಯೂಆರ್ ಕೋಡ್ ಕಾಣುತ್ತದೆ. ಹಲವು ಮೊಬೈಲುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಬರೆದಿರುತ್ತದೆ. ಐಫೋನಿನಲ್ಲಿ ಈ ಸೌಲಭ್ಯ ಬಂದದ್ದು 2022ರ ಐಓಎಸ್ 16ರಿಂದ. ವೈ-ಫೈ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿ, ಪಾಸ್‌ವರ್ಡ್ ಸಾಲನ್ನು ಮುಟ್ಟಿದರೆ ಸಾಕು.

ಮೊಬೈಲ್ ಇನ್ನೂ ಹಳೆಯದಾದರೆ? ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ. ಯಾರೂ ಬದಲಿಸದಿದ್ದರೆ ಮೊದಲ ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲಿರುತ್ತದೆ. ಹಿಂಬದಿಯ ರೀಸೆಟ್ ಗುಂಡಿಯನ್ನು ಮಾತ್ರ ಅವಸರದಲ್ಲಿ ಒತ್ತಬೇಡಿ. ಇಂಟರ್‌ನೆಟ್ ಸಂಪರ್ಕಕ್ಕೆ ಬೇಕಾದ ವಿವರಗಳೂ ಅಳಿಸಿಹೋಗಬಹುದು. ‘ಪಾಸ್‌ವರ್ಡ್ ಹುಡುಕಿಕೊಡುತ್ತೇವೆ’ ಎನ್ನುವ ಅಪರಿಚಿತ ಆ್ಯಪ್‌ಗಳ ಸಹವಾಸವೂ ಬೇಡ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಶ್ನೆ ಏಳಬೇಕು. ಇ-ಮೇಲ್ ಪಾಸ್‌ವರ್ಡ್ ಮರೆತರೆ ‘ಹೊಸದು ಮಾಡಿಕೊಳ್ಳಿ’ ಎನ್ನುತ್ತಾರೆಯೇ ಹೊರತು ಹಳೆಯದನ್ನು ಹೇಳುವುದಿಲ್ಲ. ಮೊಬೈಲ್ ಮಾತ್ರ ಹೇಗೆ ಹೇಳುತ್ತದೆ? ಒಳ್ಳೆಯ ಇ-ಮೇಲ್ ಸೇವೆ ಪಾಸ್‌ವರ್ಡನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಗಣಿತದ ಬೀಸುಕಲ್ಲಿಗೆ ಹಾಕಿ ಬಂದ ಹಿಟ್ಟನ್ನಷ್ಟೇ ಇಡುತ್ತದೆ. ನೀವು ಪಾಸ್‌ವರ್ಡ್ ಕೊಟ್ಟಾಗಲೆಲ್ಲ ಅದನ್ನೂ ಬೀಸಿ, ಎರಡು ಹಿಟ್ಟನ್ನೂ ಹೋಲಿಸುತ್ತದೆ. ಹಿಟ್ಟಿನಿಂದ ಮತ್ತೆ ಅಕ್ಕಿ ಮಾಡಲಾಗದು. ಮೊಬೈಲಿನ ಕೆಲಸ ಬೇರೆ. ಪಾಸ್‌ವರ್ಡ್ ತನಗೆ ಗೊತ್ತೆಂದು ಅದು ಪ್ರತಿ ಸಲವೂ ರೂಟರಿಗೆ ಸಾಬೀತುಪಡಿಸಬೇಕು. ಹಾಗಾಗಿ ಅಕ್ಕಿಯನ್ನು ಅಕ್ಕಿಯಾಗಿಯೇ ಡಬ್ಬದಲ್ಲಿಟ್ಟು ಬೀಗ ಹಾಕಿಕೊಂಡಿರುತ್ತದೆ.

ಆ ಬೀಗವೇ ನಿಮ್ಮ ಮೊಬೈಲಿನ ಪಿನ್. ಅದು ಗೆಳೆಯರಿಗೆಲ್ಲ ಗೊತ್ತಿದ್ದರೆ ವೈ-ಫೈ ಪಾಸ್‌ವರ್ಡೂ ಗೊತ್ತಿದ್ದಂತೆ. ಇನ್ನು ಕ್ಯೂಆರ್ ಕೋಡ್ ಗುಟ್ಟನ್ನು ಮುಚ್ಚಿಡುವುದಿಲ್ಲ. ಕಪ್ಪು-ಬಿಳಿ ಚುಕ್ಕಿಗಳಲ್ಲಿ ಪಾಸ್‌ವರ್ಡ್ ನೇರವಾಗಿಯೇ ಬರೆದಿರುತ್ತದೆ. ಅದರ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಒಂದೇ, ಪಾಸ್‌ವರ್ಡನ್ನು ಬಾಗಿಲ ಮೇಲೆ ಬರೆಯುವುದೂ ಒಂದೇ. ಪರರು ನಿಮ್ಮ ವೈ-ಫೈ ಬಳಸಿ ಏನಾದರೂ ಅನಾಹುತ ಮಾಡಿದರೆ, ಸಂಪರ್ಕ ಇರುವುದು ಮನೆಯ ಯಜಮಾನರ ಹೆಸರಿನಲ್ಲಿ. ವಿಚಾರಣೆ ಮೊದಲು ಬರುವುದು ಅವರ ಬಳಿಗೇ.

ಹಾಗೆಂದು ಬಂದ ನೆಂಟರಿಗೆ ಇಲ್ಲವೆನ್ನಬೇಕಿಲ್ಲ. ಈಗಿನ ಅನೇಕ ರೂಟರುಗಳಲ್ಲಿ ‘ಗೆಸ್ಟ್’ ಎಂಬ ಬೇರೆ ಸಂಪರ್ಕ ಮಾಡುವ ಅನುಕೂಲವಿದೆ. ಅದರ ಪಾಸ್‌ವರ್ಡ್ ಕೊಡಿ. ಮನೆಯ ಪಾಸ್‌ವರ್ಡ್ ಫೋನ್ ನಂಬರೋ ಮಕ್ಕಳ ಹೆಸರೋ ಆಗಿದ್ದರೆ ಇವತ್ತೇ ಬದಲಿಸಿ. ಹೊಸದನ್ನು ಒಂದು ಹಾಳೆಯಲ್ಲಿ ಬರೆದು, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.