ಕೋವಿಗೆ ಅನುಮತಿ, ಗುರಿಗೆ?

ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಅಂತಹ ವ್ಯವಸ್ಥೆ ತಮಗೂ ಬೇಕೆಂದು ಮಲೆನಾಡಿನ ಕೃಷಿಕರಿಗೆ ಅನಿಸುವುದು ಸಹಜ. ಕೊಯ್ಲಿಗೆ ಬಂದ ಗದ್ದೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದರೆ ಯಾರಿಗಾದರೂ ಹಾಗೆಯೇ ಅನಿಸೀತು. ಆದರೆ ಅನುಮತಿ ಯಾರು ಕೊಡಬೇಕೆಂಬ ವಾದದ ನಡುವೆ, ಹಾರಿಸಿದ ಗುಂಡು ಎಲ್ಲಿಗೆ ತಗಲುತ್ತದೆಂಬ ಪ್ರಶ್ನೆ ಮೂಲೆಗೆ ಸರಿದಿದೆ.

ರೈಫಲ್ಲಿನ ಮೇಲೆ ದುರ್ಬೀನು ಕೂರಿಸಿದರೆ ಗುರಿ ತಾನಾಗಿಯೇ ಕೂಡಿಬರುತ್ತದೆಂಬ ನಂಬಿಕೆಯೊಂದಿದೆ. ದುರ್ಬೀನು ಪ್ರಾಣಿಯನ್ನು ಹತ್ತಿರ ತೋರಿಸುತ್ತದೆಯೇ ಹೊರತು ಗುಂಡನ್ನು ಅಲ್ಲಿಗೆ ಒಯ್ಯುವುದಿಲ್ಲ. ಅದನ್ನು ಹಿಡಿದಿರುವ ಬಳೆಗಳ ತಿರುಪು ಒಂದಿಷ್ಟು ಸಡಿಲಾದರೂ ಪ್ರತಿ ಈಡಿನ ಒದೆತಕ್ಕೆ ಗುರಿ ಸರಿಯುತ್ತದೆ. ಒಳಗಿನ ಗೆರೆ ನೆಟ್ಟಗಿದೆಯೇ ಎಂಬುದನ್ನು ತೂಗುಗುಂಡಿನ ದಾರಕ್ಕೆ ಹೊಂದಿಸಿ ನೋಡಬೇಕು. ಬಳಿಕ ಕೋವಿಯನ್ನು ಮರಳಚೀಲದ ಮೇಲಿರಿಸಿ, ಮೊದಲು 25 ಗಜ, ಅನಂತರ 100 ಗಜ ದೂರದ ಕಾಗದಕ್ಕೆ ಮೂರು ಮೂರು ಗುಂಡು ಹಾರಿಸಿ, ಆ ಮೂರರ ನಡುಬಿಂದುವನ್ನು ಆಧರಿಸಿ ತಿರುಗಣೆಯನ್ನು ಹೊಂದಿಸಬೇಕು. ಬಹಳಷ್ಟು ದುರ್ಬೀನುಗಳಲ್ಲಿ ತಿರುಗಣೆಯ ಒಂದು ‘ಟಿಕ್’ ಎಂದರೆ 100 ಗಜದಲ್ಲಿ ಸುಮಾರು ಕಾಲು ಇಂಚು. ತೋಟೆಯ ಬಗೆ ಬದಲಾದರೆ ಮತ್ತೆ ಪರೀಕ್ಷೆ; ಜೀಪಿನಲ್ಲಿ ಕೋವಿ ಬಿದ್ದೆದ್ದರೂ ಅಷ್ಟೆ. ಇನ್ನು, ನಳಿಗೆಯೊಳಗೆ ಸುರುಳಿಗೆರೆಯೇ ಇಲ್ಲದ ಹಳೆಯ ಕೇಪಿನ ಕೋವಿಗೆ ಎಂತಹ ದುರ್ಬೀನು ಕಟ್ಟಿದರೂ ದೂರದ ಗುರಿ ದಕ್ಕದು.

ಗುಂಡು ಪೂರ್ತಿ ತಪ್ಪಿದರೆ ಚಿಂತೆಯಿಲ್ಲ. ದವಡೆ ಒಡೆದೋ ಹೊಟ್ಟೆ ಸೀಳಿಯೋ ಪೊದೆ ಸೇರಿದ ಹಂದಿ ದಿನಗಟ್ಟಲೆ ನರಳಿ ಸಾಯುತ್ತದೆ. ಅಷ್ಟರೊಳಗೆ ಸೊಪ್ಪಿನ ಬೆಟ್ಟಕ್ಕೆ ಹೋದವರ ಮೇಲೆ ಎರಗಲೂಬಹುದು. ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದಲ್ಲಿ ಕೊಂದ ನರಭಕ್ಷಕ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು ಮೇಲೆಯೂ ಕೆಳಗೆಯೂ ಮುರಿದಿದ್ದವು. ಅದಕ್ಕೆ ಹಳೆಯ ಗುಂಡೇಟೇ ಕಾರಣವೆಂದು ಆತ ಬರೆದಿದ್ದಾನೆ.

ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೊರಡುವವರು ಪ್ರತಿವರ್ಷವೂ ಪರೀಕ್ಷೆ ಕೊಡಬೇಕು: 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ ಹೊಡೆದ ಐದು ಗುಂಡುಗಳೂ ನಿಗದಿತ ವಲಯದೊಳಗೇ ಬೀಳಬೇಕು. ಬೇಟೆ ಕಾನೂನುಬದ್ಧವಾಗಿರುವಲ್ಲಿಯೇ ಇಷ್ಟು ಕಟ್ಟುನಿಟ್ಟು. ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಶಿಕಾರಿ ನಿಷಿದ್ಧವಾಗಿ, ಕಾರಣಸಹಿತ ಲಿಖಿತ ಆದೇಶವಿದ್ದರಷ್ಟೇ ಹಂದಿಯನ್ನು ಕೊಲ್ಲಬಹುದಾದ ಈ ನಾಡಿನಲ್ಲಿ, ಆದೇಶದೊಂದಿಗೆ ಗುರಿಪರೀಕ್ಷೆಯ ಕಾಗದವನ್ನೂ ಲಗತ್ತಿಸಬೇಕೆಂದು ಕೇಳುವುದು ಅತಿಯಾಗದು. ಆ ಕಾಗದದ ಮೇಲೆ ಅರಣ್ಯಾಧಿಕಾರಿಯ ಸಹಿ, ದಿನಾಂಕ, ತೋಟೆಯ ಬಗೆ ಇರಲಿ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯನ್ನು ಹುಡುಕುವ ಹೊಣೆ ಯಾರದೆಂಬುದೂ ಇರಲಿ.